ಆ ಹತ್ತು ನಿಮಿಷ ಅಮ್ಮ ಒಬ್ಬಳೇ: ಏರ್‌ಪೋರ್ಟ್ ಸೆಕ್ಯುರಿಟಿ ಚೆಕ್‌ಗೆ ನಾನು ಮಾಡಿಕೊಂಡ ತಯಾರಿ

ಹೋದ ವರ್ಷ ಅಪ್ಪ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋದೆ. ಬೆಂಗಳೂರಿನಿಂದ ವಾರಾಣಸಿಗೆ ವಿಮಾನ. ಇಬ್ಬರಿಗೂ ಅದೇ ಮೊದಲ ಸಲ. ಅಮ್ಮನಿಗೆ 71 ವರ್ಷ. ಎರಡೂ ಮಂಡಿಗೆ ಆಪರೇಷನ್ ಆಗಿದೆ, ಒಳಗೆ ಲೋಹದ ಕೀಲು ಇದೆ. ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ವಿಮಾನ ಹತ್ತಲು ಅವಳಿಗೆ ಭಯವಿರಲಿಲ್ಲ. "ಚೆಕ್ ಮಾಡೋವಾಗ ತಾಳಿ ಬಿಚ್ಚು ಅಂತಾರಂತೆ, ಹೌದೇನೋ?" ಅಂತ ವಾರದಿಂದ ಕೇಳುತ್ತಲೇ ಇದ್ದಳು.

ಆಗ ನನಗೆ ಒಂದು ವಿಷಯ ಹೊಳೆಯಿತು. ತಪಾಸಣೆಯ ಜಾಗದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು. ಅಪ್ಪ ನನ್ನ ಜೊತೆಯಲ್ಲೇ ಇರುತ್ತಾರೆ, ಆದರೆ ಅಮ್ಮ ಒಬ್ಬಳೇ ಹೋಗಬೇಕು. ಏನೇ ಹೇಳಿಕೊಡುವುದಿದ್ದರೂ ಮನೆಯಲ್ಲೇ ಹೇಳಿಕೊಡಬೇಕು.

ಹಿಂದಿನ ರಾತ್ರಿ ಬ್ಯಾಗುಗಳನ್ನೆಲ್ಲ ಹಾಲ್‌ನಲ್ಲಿ ಸುರಿದು ಕೂತೆವು. ನಾವು ತಿಪಟೂರಿನವರು, ಎಲ್ಲಿಗೆ ಹೊರಟರೂ ಕೊಬ್ಬರಿ ಇರಲೇಬೇಕು. ಅಮ್ಮ ಸೂಟ್‌ಕೇಸಿನ ತಳದಲ್ಲಿ ಹತ್ತು ಗಿಟುಕು ಇಟ್ಟಿದ್ದಳು. ತೆಗೆಸಿದೆ. ಹಿಂದೊಮ್ಮೆ ನನ್ನ ಬ್ಯಾಗಿನಲ್ಲೇ ಕೊಬ್ಬರಿ ಸಿಕ್ಕಿ, ಚೆಕ್-ಇನ್ ಆದ ಮೇಲೆ, ಅಂದರೆ ದೊಡ್ಡ ಬ್ಯಾಗನ್ನು ಕೌಂಟರಿನಲ್ಲಿ ಒಪ್ಪಿಸಿದ ಮೇಲೆ, ನನ್ನನ್ನು ಕರೆಸಿ, ಬ್ಯಾಗ್ ಬಿಚ್ಚಿಸಿ ಅಲ್ಲೇ ಬಿಟ್ಟು ಹೋಗಲು ಹೇಳಿದ್ದರು. ನಿಯಮ ನನಗೆ ಆಗ ತಿಳಿದಿರಲಿಲ್ಲ. 2022ರಿಂದ ಒಣ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲೂ ಒಯ್ಯುವ ಹಾಗಿಲ್ಲ, ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಬೆಂಕಿಯ ಭಯ. ಅಟ್ಟದಲ್ಲಿ ಕೊಬ್ಬರಿ ಇಟ್ಟು ಬೆಳೆದ ನಮಗೆ ಅದು ಹೇಗೆ ಉರಿಯುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಅಮ್ಮ ಕೂಡ ವಾದ ಮಾಡಲಿಲ್ಲ.

ಅಪ್ಪನ ಜೇಬಿನಲ್ಲಿ ಅಡಕತ್ತರಿ ಇತ್ತು. ಅದು ಸೂಟ್‌ಕೇಸಿಗೆ ಹೋಯಿತು. ತುಪ್ಪದ ಡಬ್ಬಿ, ಉಪ್ಪಿನಕಾಯಿ ಕೂಡ ಅಲ್ಲಿಗೇ. ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ, ಅದು ಕೈಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಮಾಡುವ ಹಾಗಿಲ್ಲ. ಮಾತ್ರೆಗಳನ್ನೂ ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿಯನ್ನೂ ಕೈಬ್ಯಾಗಿನ ಮೇಲಿನ ಜೇಬಿಗೆ ಹಾಕಿದೆ. ವಿದೇಶಕ್ಕೆ ಹೋಗುವವರು ಇನ್ನೊಂದು ನೆನಪಿಡಿ: ಕೈಬ್ಯಾಗಿನಲ್ಲಿ ದ್ರವ ಏನೇ ಇದ್ದರೂ ಒಂದೊಂದು ಬಾಟಲಿ 100 ಮಿಲಿಲೀಟರ್ ಮೀರಬಾರದು, ಅರ್ಧ ಖಾಲಿಯಾದ 200ರ ಬಾಟಲಿಯೂ ನಡೆಯುವುದಿಲ್ಲ.

ಆಮೇಲೆ ಅಮ್ಮನ ಅಭ್ಯಾಸ ಶುರು. ಅಡುಗೆಮನೆ ಬಾಗಿಲನ್ನೇ ಮೆಟಲ್ ಡಿಟೆಕ್ಟರ್ ಮಾಡಿಕೊಂಡೆವು. "ನೀನು ಇಲ್ಲಿ ದಾಟಿದಾಗ ಬೀಪ್ ಅನ್ನುತ್ತೆ, ಹೆದರಬೇಡ. ಪರದೆ ಕಟ್ಟಿರುವ ಒಂದು ಸಣ್ಣ ಕೋಣೆ ಇರುತ್ತೆ, ಒಳಗೆ ಹೆಣ್ಣು ಪೊಲೀಸರು ಮಾತ್ರ. ಕೈ ಎರಡೂ ಅಗಲಿಸಿ ನಿಂತ್ಕೊ. ಮಂಡಿ ಹತ್ತಿರ ಇನ್ನೊಂದು ಸಲ ಬೀಪ್ ಅನ್ನುತ್ತೆ. ಆಗ ಮಂಡಿ ತೋರಿಸಿ 'ಆಪರೇಷನ್, ಘುಟ್ನಾ' ಅನ್ನು." ಹಿಂದಿಯಲ್ಲಿ ಘುಟ್ನಾ ಅಂದರೆ ಮಂಡಿ. ಆ ಒಂದು ಪದವನ್ನು ಅವಳು ಪಾತ್ರೆ ತೊಳೆಯುತ್ತಾ ಹೇಳಿಕೊಳ್ಳುತ್ತಿದ್ದಳು.

ದೇವನಹಳ್ಳಿಗೆ ಮೂರು ಗಂಟೆ ಮುಂಚೆಯೇ ತಲುಪಿದೆವು. ದೇಶದೊಳಗಿನ ವಿಮಾನಕ್ಕೆ ಅಷ್ಟು ಬೇಕಾಗಿಲ್ಲ, ಆದರೆ ಮಂಡಿ ನೋವಿನವರನ್ನು ಓಡಿಸುವ ಪರಿಸ್ಥಿತಿ ಬರಬಾರದು ಅಂತ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿದ್ದೆ. ಬಾಗಿಲಲ್ಲಿ ಏರ್‌ಪೋರ್ಟ್ ಕಾಯುವ ಭದ್ರತಾ ಪಡೆ ಸಿಐಎಸ್‌ಎಫ್‌ನವರು ಟಿಕೆಟ್, ಆಧಾರ್ ನೋಡಿ ಒಳಗೆ ಬಿಟ್ಟರು. ಒಳಗೆ ಟ್ರೇಗೆ ಮೊಬೈಲ್, ಪರ್ಸ್, ಬೆಲ್ಟ್, ಲ್ಯಾಪ್‌ಟಾಪ್ ಎಲ್ಲ ಹಾಕಿ ನಾವು ಈ ಕಡೆ, ಅಮ್ಮ ಆ ಕಡೆ.

ಆ ಹತ್ತು ನಿಮಿಷ ನನಗೆ ಉಸಿರು ಕಟ್ಟಿದ ಹಾಗಿತ್ತು. ಅಪ್ಪ ಬೆಲ್ಟ್ ಕಟ್ಟಿಕೊಳ್ಳುವುದನ್ನೂ ಮರೆತು ಆ ಪರದೆಯನ್ನೇ ನೋಡುತ್ತಿದ್ದರು.

ಅಮ್ಮ ಹೊರಗೆ ಬಂದಾಗ ಮುಖ ಅರಳಿತ್ತು. ತಾಳಿ ಬಿಚ್ಚಲು ಯಾರೂ ಹೇಳಲಿಲ್ಲವಂತೆ, ಬಳೆ ಕೂಡ. ಬೀಪ್ ಅಂದ ಕೂಡಲೇ ಇವಳೇ ಮಂಡಿ ಮುಟ್ಟಿ ಹೇಳಿದಳಂತೆ. ಒಳಗಿದ್ದ ಪೊಲೀಸ್ ಹುಡುಗಿ ಸೀರೆಯ ಮೇಲಿಂದಲೇ ಕೈಯಾಡಿಸಿ ನೋಡಿ, "ಠೀಕ್ ಹೈ ಅಮ್ಮ" ಅಂದಳಂತೆ. ಕಾಗದ ಯಾರೂ ಕೇಳಲಿಲ್ಲ. ಕಾಗದ ಇದ್ದ ಮಾತ್ರಕ್ಕೆ ತಪಾಸಣೆ ತಪ್ಪುವುದೂ ಇಲ್ಲ, ಆದರೂ ಇಟ್ಟುಕೊಳ್ಳಿ. ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಅದರ ಕಾರ್ಡ್ ಕೈಯಲ್ಲೇ ಹಿಡಿದು, ಮೆಟಲ್ ಡಿಟೆಕ್ಟರ್ ಹತ್ತಿರ ಹೋಗುವ ಮೊದಲೇ ಹೇಳಿಬಿಡಬೇಕು.

ವಾಪಸ್ ಬರುವಾಗ ಗಂಗಾಜಲದ ಪುಟ್ಟ ತಂಬಿಗೆಗಳು ಆರು. ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟವೆಲ್ ನಡುವೆ ಇಟ್ಟು ಸೂಟ್‌ಕೇಸಿಗೆ ಹಾಕಿದೆ. ವಾರಾಣಸಿಯ ಏರ್‌ಪೋರ್ಟಿನಲ್ಲಿ ನಾನು ಏನೋ ಹೇಳಲು ಹೋದೆ. "ನಂಗೆ ಗೊತ್ತು, ನೀನು ನಿಮ್ಮಪ್ಪನ್ನ ನೋಡ್ಕೊ" ಅಂತ ಅಮ್ಮ ಹೆಂಗಸರ ಸಾಲಿಗೆ ಹೋಗಿಬಿಟ್ಟಳು.