ಎನ್‌ಐಓಎಸ್ ಮಕ್ಕಳಿಗೆ ಡಿಗ್ರಿ ಸೀಟು: ನಾವು ಅಕ್ಟೋಬರ್ ಹಿಡಿದಿದ್ದು

ಮನೇಲೇ ಓದಿ ಎನ್‌ಐಓಎಸ್ (ಕೇಂದ್ರ ಸರ್ಕಾರದ ಓಪನ್ ಸ್ಕೂಲ್ ಬೋರ್ಡ್) ಪರೀಕ್ಷೆ ಬರೆದ ಮಗಳಿಗೆ ಬಿಎಸ್ಸಿ ಸೀಟು ಸಿಕ್ತು. ಮೆರಿಟ್ ಲಿಸ್ಟಲ್ಲೇ, ಒಂದು ರೂಪಾಯಿ ಡೊನೇಷನ್ ಇಲ್ದೆ. ಮೂರು ವರ್ಷದ ಹಿಂದೆ ಇದೇ ಕಾಲೇಜಿನ ಕೌಂಟರಲ್ಲಿ ನನ್ನ ಮಗನ ಮಾರ್ಕ್ಸ್ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ "ಇದು ಯಾವ ಬೋರ್ಡಮ್ಮ, ಕರೆಸ್ಪಾಂಡೆನ್ಸಾ?" ಅಂತ ವಾಪಸ್ ಕೊಟ್ಟಿದ್ರು. ನಮ್ಮತ್ತೆ ಅಂತೂ "ಮಕ್ಕಳನ್ನ ಮನೇಲಿ ಕೂರಿಸ್ಕೊಂಡು ಹಾಳು ಮಾಡ್ತಿದಾಳೆ" ಅಂತ ನೆಂಟರಿಷ್ಟರಿಗೆಲ್ಲಾ ಡಂಗೂರ ಸಾರಿ ಆಗಿತ್ತು. ಈಗ ಅವ್ರೇ ಮೈಸೂರ್ ಪಾಕ್ ಹಂಚಿದ್ರು, ಇರ್ಲಿ.

ಟಿಎಂಎ (ಮನೇಲಿ ಬರೆದು ಒಪ್ಪಿಸೋ ಅಸೈನ್‌ಮೆಂಟ್), ಸ್ಟಡಿ ಸೆಂಟರ್, ಪ್ರಾಕ್ಟಿಕಲ್ ವಿಷಯ ಎಲ್ಲಾ ಇಲ್ಲಿ ಬಿಡ್ತೀನಿ.

ಮಗನ ವಿಷಯದಲ್ಲಿ ನಾವು ಎಡವಿದ್ದು ಪರೀಕ್ಷೆಗೆ ಆರಿಸಿದ ತಿಂಗಳಲ್ಲಿ. ಎಲ್ಲರ ಥರ ಏಪ್ರಿಲ್ ಪರೀಕ್ಷೆಗೆ ಕೂರಿಸಿದ್ವಿ, ರಿಸಲ್ಟ್ ಬಂದಾಗ ಜುಲೈ, ಅಷ್ಟೊತ್ತಿಗೆ ಪಿಯುಸಿ ಮಕ್ಕಳು ಫೀಸ್ ಕಟ್ಟಿ ಸೀಟು ಹಿಡಿದು ಕೂತಿದ್ರು, ಉಳಿದ ಸೀಟಿಗೆ ಒಂದು ಕಡೆ 60 ಸಾವಿರ ಕೇಳಿದ್ರು, ಕೊಡಲ್ಲ ಅಂದೆ, ಹುಡುಗನಿಗೆ ಒಂದು ವರ್ಷ ಹೋಯ್ತು. ಅದಕ್ಕೂ ಮುಂಚೆ "ಪಾಸ್ ಗ್ಯಾರಂಟಿ, 45 ಸಾವಿರ" ಅಂದ ಒಬ್ಬ ಏಜೆಂಟ್‌ಗೆ 10 ಸಾವಿರ ಅಡ್ವಾನ್ಸ್ ಕೊಟ್ಟು ಕಳ್ಕೊಂಡಿದ್ದೆ. ನೀವೇ ಆನ್‌ಲೈನಲ್ಲಿ ಕಟ್ಟಿದ್ರೆ ಅಡ್ಮಿಷನ್, ಪರೀಕ್ಷೆ, ಪ್ರಾಕ್ಟಿಕಲ್ ಎಲ್ಲಾ ಸೇರಿ ಐದಾರು ಸಾವಿರದಲ್ಲಿ ಮುಗಿಯುತ್ತೆ ಮಾರಾಯ್ರೆ.

ಸಿಇಟಿ ಕಡೆಗೂ ಕೈ ಹಾಕಿದ್ದೆ. ಅದಕ್ಕೆ ಕರ್ನಾಟಕದಲ್ಲಿ ಏಳು ವರ್ಷ ಓದಿದ ಸ್ಟಡಿ ಸರ್ಟಿಫಿಕೇಟ್, ಅದರ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಕೇಳಿದ್ರು. ನನ್ನ ಮಕ್ಕಳು ಶಾಲೆಗೆ ಹೋಗಿದ್ದೇ ನಾಲ್ಕನೇ ಕ್ಲಾಸ್ ತನಕ, ಇನ್ನು ಮೂರು ವರ್ಷ ಎಲ್ಲಿಂದ ತರ್ಲಿ? ಮಗಳಿಗೂ ಇಂಜಿನಿಯರಿಂಗ್ ಬೇಡವಾಗಿತ್ತು, ಅಲ್ಲಿಗೆ ಕೈಬಿಟ್ಟೆ.

ಅವಳಿಗೆ ಕ್ಯಾಲೆಂಡರ್ ಉಲ್ಟಾ ಹಿಡಿದ್ವಿ. ಹತ್ತನೇ ಕ್ಲಾಸನ್ನೇ 2022ರ ಅಕ್ಟೋಬರ್-ನವೆಂಬರ್ ಪರೀಕ್ಷೇಲಿ ಮುಗಿಸಿದ್ಳು. ಹತ್ತು ಪಾಸಾಗಿ ಎರಡು ವರ್ಷ ಆಗೋ ತನಕ ಹನ್ನೆರಡರ ಸರ್ಟಿಫಿಕೇಟ್ ಕೊಡಲ್ಲ, ಆದ್ರೆ ಒಂದು ವರ್ಷ ಆದ್ಮೇಲೆ ನಾಲ್ಕು ಸಬ್ಜೆಕ್ಟ್ ತನಕ ಬರೀಬಹುದು, ತುಂಬಾ ಜನ ಇದನ್ನ ನೋಡೋದೇ ಇಲ್ಲ. 2023ರ ಅಕ್ಟೋಬರಲ್ಲಿ ನಾಲ್ಕು ಬರೆದ್ಳು, ಫಿಸಿಕ್ಸ್ ಒಂದನ್ನೇ 2024ಕ್ಕೆ ಇಟ್ಕೊಂಡ್ಳು, ಮಧ್ಯ ಪೂರಾ ಒಂದು ವರ್ಷ ಸಿಕ್ತು. ಕೆಮಿಸ್ಟ್ರಿ ಮೊದಲ ಸಲ 50ರ ಆಸುಪಾಸು ಬಂತು, ಅತ್ತು ಊಟ ಬಿಟ್ಟು ರಂಪ ಮಾಡಿದ್ಳು, ಆಮೇಲೆ ಆನ್ ಡಿಮಾಂಡ್ (ನಾವು ಕೇಳಿದಾಗ ನಡೆಸೋ) ಪರೀಕ್ಷೇಲಿ ಮತ್ತೆ ಬರೆದು 70 ದಾಟಿಸಿದ್ಳು. ಒಟ್ಟು 80 ಪರ್ಸೆಂಟ್ ಚಿಲ್ಲರೆ. ಪಿಯುಸಿ ಪರೀಕ್ಷೆ ಶುರುವಾಗೋಕೆ ಮುಂಚೆನೇ ನಮ್ಮ ಕೈಲಿ ಮಾರ್ಕ್ಸ್ ಕಾರ್ಡೂ ಇತ್ತು, ಬೋರ್ಡೇ ಕೊಡೋ ಮೈಗ್ರೇಷನ್ ಕಮ್ ಟಿಸಿನೂ (ವರ್ಗಾವಣೆ ಪತ್ರ) ಇತ್ತು. ಟಿಸಿ ಎಲ್ಲಿ ಅಂತ ಕೇಳೋರಿಗೆ ಅದೇ ಹಾಳೆ ತೋರಿಸಿ, ಬೇರೆ ಟಿಸಿ ಹುಡುಕ್ಕೊಂಡು ಹಳೇ ಶಾಲೆಗೆ ಅಲೀಬೇಡಿ.

ಕಾಲೇಜಿಗೆ ಒಯ್ದ ಫೈಲಲ್ಲಿ ಮೊದಲನೇ ಹಾಳೆ ಎನ್‌ಐಓಎಸ್‌ಗೆ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡೋ ಅಧಿಕಾರ ಕೊಟ್ಟ 1990ರ ಕೇಂದ್ರ ಸರ್ಕಾರದ ಗೆಜೆಟ್, ಎರಡನೇದು ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ) ಕೊಟ್ಟ ಸಮಾನತೆ ಪತ್ರ. ಕ್ಲರ್ಕ್ ಹತ್ರ ವಾದ ಮಾಡ್ಬೇಡಿ, ಅವ್ರಿಗೆ ಬೇಕಾಗಿರೋದು ಮೇಲಿನವರಿಗೆ ತೋರ್ಸೋಕೆ ಒಂದು ಕಾಗದ ಅಷ್ಟೇ. ಮೂರನೇ ಹಾಳೆ ಏನು, ಅದನ್ನ ಯಾರ ಕೈಗೆ ಯಾವಾಗ ಕೊಟ್ಟೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಮುಂದಿನ ವರ್ಷ ತಂಗಿ ಮಗನಿಗೂ ಅದು ಬೇಕು.

ನಡುವೆ ವಿದೇಶಿ ಬೋರ್ಡಿನ ಹತ್ತನೇ ಕ್ಲಾಸ್ ಮಟ್ಟದ ಪರೀಕ್ಷೆ ಕೇಂಬ್ರಿಜ್ ಐಜಿಸಿಎಸ್‌ಇ ಮ್ಯಾಥ್ಸ್ ಒಂದನ್ನ ಪ್ರೈವೇಟಾಗಿ ಬರೆಸಿ ನೋಡಿದ್ದೆ, ಒಂದು ಸಬ್ಜೆಕ್ಟ್‌ಗೇ 15 ಸಾವಿರದ ಹತ್ರ ಆಯ್ತು, ಸೀಟಿಗೆ ಅದು ಎಲ್ಲೂ ಲೆಕ್ಕಕ್ಕೆ ಬರ್ಲಿಲ್ಲ. ಸಿಯುಇಟಿ ಪ್ರವೇಶ ಪರೀಕ್ಷೆ ಬರೆಸಿದ್ದು ಮಾತ್ರ ದಂಡ ಅಲ್ಲ. 2022ರಿಂದ ಕೇಂದ್ರೀಯ ವಿವಿಗಳ ಡಿಗ್ರಿ ಸೀಟಿಗೆ ಅದರ ಸ್ಕೋರ್ ನೋಡ್ತಾರೆ, ಮನೇಲಿ ಓದಿದ್ಯಾ ಶಾಲೇಲಿ ಓದಿದ್ಯಾ ಅನ್ನೋ ವಿಚಾರಣೆ ಇಲ್ಲ. ಇಲ್ಲಿ ಕೈ ಕೊಟ್ರೆ ಕಲಬುರಗಿಯ ಕೇಂದ್ರೀಯ ವಿವಿ ಕಡೆ ಹೋಗೋಣ ಅಂತ ಇಟ್ಕೊಂಡಿದ್ವಿ.

ಇನ್ನೊಂದು ತಮಾಷೆ. ಮಗಳು ಎರಡು ಬೇಸಿಗೆ ಪೂರ್ತಿ ಮಣ್ಣಿನ ಮಡಕೆ ನೀರಿನ ಉಷ್ಣಾಂಶ ದಿನಾ ಮೂರು ಸಲ ಬರೆದಿಟ್ಟಿದ್ಳು. ಹಳೇ ಮಡಕೆಗೂ ಹೊಸದಕ್ಕೂ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ, ಮಳೆ ಬಂದ ದಿನ ಎರಡೂ ಒಂದೇ. ನಂಗೆ ಇದು ಟೈಂ ವೇಸ್ಟ್ ಅನಿಸಿತ್ತು, ಎರಡು ಸಲ ಬೈದೂ ಇದ್ದೆ. ಅಡ್ಮಿಷನ್ ದಿನ ಫಿಸಿಕ್ಸ್ ಎಚ್‌ಓಡಿ "ಲ್ಯಾಬ್ ಇಲ್ದೆ ಏನಮ್ಮ ಪ್ರಾಕ್ಟಿಕಲ್ ಮಾಡಿದ್ದು?" ಅಂತ ಕೇಳಿದಾಗ ಇವಳು ಆ ನೋಟ್‌ಬುಕ್ ತೆಗೆದಿಟ್ಳು. ಮೇಷ್ಟ್ರು ಹತ್ತು ನಿಮಿಷ ಪುಟ ತಿರುವಿ ಹಳೇ ಮಡಕೆ ಯಾಕೆ ಕಮ್ಮಿ ತಂಪು ಮಾಡುತ್ತೆ ಅಂತ ಕೇಳಿದ್ರು, ಇವಳು ಉಪ್ಪು ಕಟ್ಟಿ ರಂಧ್ರ ಮುಚ್ಚಿರುತ್ತೆ ಸರ್ ಅಂದ್ಳು. ಬೋರ್ಡ್ ಸುದ್ದಿಗೇ ಹೋಗ್ಲಿಲ್ಲ ಅವ್ರು.

ಈಗ ಅವಳದ್ದು ಒಂದೇ ಗೋಳು, ಬೆಳಗ್ಗೆ ಒಂಬತ್ತಕ್ಕೆ ಅಟೆಂಡೆನ್ಸ್ ತಗೋತಾರಂತೆ.