ಟೇಪಿನಲ್ಲಿ ಗೆರೆ ಮೂಡಿತ್ತು, ಸೀಸೆ ಮಾತ್ರ ಹಳದಿಯಾಗಿತ್ತು

ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನಮ್ಮ ಲ್ಯಾಬಿನ ಜೈವಿಕ ಸುರಕ್ಷತೆಯ ಕೆಲಸ ನನ್ನ ಹೆಗಲಿಗೆ ಬಂತು. ಅಲ್ಲಿವರೆಗೆ ನೋಡಿಕೊಳ್ಳುತ್ತಿದ್ದವರು ಓದು ಮುಗಿಸಿ ಹೊರಟಿದ್ದರು. ನಾವು ಬಳಸುತ್ತಿದ್ದದ್ದು ಇ. ಕೊಲೈ ಬ್ಯಾಕ್ಟೀರಿಯಾ. ಅದರೊಳಗೆ ಪ್ಲಾಸ್ಮಿಡ್ ಅನ್ನೋ ಉಂಗುರದಂಥ ಡಿಎನ್‌ಎ ಸೇರಿಸಿ, ನಮಗೆ ಬೇಕಾದ ಪ್ರೋಟೀನನ್ನು ಅದರ ಕೈಯಲ್ಲಿ ಮಾಡಿಸುತ್ತಿದ್ದೆವು. ಅಪಾಯದ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಕೆಳಗಿನ ಹಂತ, ಬಿಎಸ್‌ಎಲ್-1.

ಅದಕ್ಕೇ ನಮಗೆಲ್ಲ ಸ್ವಲ್ಪ ಧೈರ್ಯ ಜಾಸ್ತಿ. ಆ ಧೈರ್ಯಕ್ಕೆ ಕಾರಣವೂ ಇತ್ತು ಅನ್ನಿ. ನಮ್ಮದು ಕೆ-12 ವಂಶದ ತಳಿ. ಈ ವಂಶದ ಮೂಲ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ್ದು 1922ರಲ್ಲಿ. ಅಂದಿನಿಂದ ಲ್ಯಾಬಿನಲ್ಲೇ ಬೆಳೆದು ಬೆಳೆದು, ಮನುಷ್ಯನ ಕರುಳಿನಲ್ಲಿ ನೆಲೆಯೂರುವ ಶಕ್ತಿ ಅದಕ್ಕೆ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. 1975ರಲ್ಲಿ ವಿಜ್ಞಾನಿಗಳು ಅಮೆರಿಕದ ಅಸಿಲೊಮಾರ್‌ನಲ್ಲಿ ಸೇರಿದಾಗ ಒಪ್ಪಿಕೊಂಡ ಮುಖ್ಯ ಮಾತುಗಳಲ್ಲಿ ಇದೂ ಒಂದು: ಗೋಡೆ, ಬಾಗಿಲು ಮಾತ್ರ ಸಾಲದು, ಲ್ಯಾಬಿನ ಹೊರಗೆ ಬದುಕಲಾರದಂಥ ಜೀವಿಯನ್ನೇ ಬಳಸಬೇಕು.

ಬ್ಯಾಕ್ಟೀರಿಯಾ ಬಡಪಾಯಿ, ಸರಿ. ಆದರೆ ಅದರ ಹೊಟ್ಟೆಯಲ್ಲಿರುವ ಪ್ಲಾಸ್ಮಿಡ್? ಅದರಲ್ಲಿ ನಮ್ಮ ಜೀನ್ ಜೊತೆಗೆ, ಆಂಪಿಸಿಲಿನ್ನೋ ಕ್ಯಾನಮೈಸಿನ್ನೋ ಅಂಥ ಆ್ಯಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಜಗ್ಗದಂತೆ ಮಾಡುವ ಜೀನ್ ಕೂಡ ಇರುತ್ತೆ. ಪ್ಲಾಸ್ಮಿಡ್ ಸೇರಿದ ಬ್ಯಾಕ್ಟೀರಿಯಾ ಯಾವುದು ಅಂತ ಗುರುತಿಸುವುದೇ ಅದರಿಂದ. ಚರಂಡಿಯಲ್ಲಿ ಅದನ್ನು ಎತ್ತಿಕೊಳ್ಳಬಲ್ಲ ಬೇರೆ ಬ್ಯಾಕ್ಟೀರಿಯಾಗಳು ಇರುತ್ತವೆ. ಸಾಧ್ಯತೆ ಕಡಿಮೆ ಇರಬಹುದು. ಹಾಗಂತ ಜೀವಂತ ಕಲ್ಚರ್, ಅಂದರೆ ನಾವು ಬೆಳೆಸಿದ ಬ್ಯಾಕ್ಟೀರಿಯಾ, ಸಿಂಕಿಗೆ ಸುರಿಯೋದನ್ನು ನಾನಂತೂ ಒಪ್ಪಲ್ಲ.

ಹಾಗಾಗಿ ನನ್ನ ಮಟ್ಟಿಗೆ ಇಡೀ ಸುರಕ್ಷತೆ ನಿಂತಿರೋದು ಕಸದ ಮೇಲೆ. ಎಡವಿದ್ದೂ ಅಲ್ಲೇ.

ಬ್ಯಾಕ್ಟೀರಿಯಾ ಬೆಳೆಸಿದ ಪೆಟ್ರಿ ತಟ್ಟೆಗಳನ್ನು ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಆಟೋಕ್ಲೇವ್ ಮಾಡುತ್ತಿದ್ದೆ, ಅಂದರೆ ಒತ್ತಡದ ಉಗಿಯಲ್ಲಿ ಕ್ರಿಮಿ ಕೊಲ್ಲುವ ಯಂತ್ರದಲ್ಲಿ ಇಡುತ್ತಿದ್ದೆ. ಹೊರಗೆ ಅಂಟಿಸಿದ, ಬಿಸಿಗೆ ಬಣ್ಣ ಬದಲಿಸುವ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಕೆಲಸ ಮುಗೀತು ಅಂತ ಲೆಕ್ಕ. ಫೈಲಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಆಗಾಗ ಸ್ಪೋರ್ ಪರೀಕ್ಷೆ ಮಾಡಬೇಕು. ಯಾರೂ ಮಾಡಿದ ದಾಖಲೆ ಇರಲಿಲ್ಲ. ನಾನು ಪುಟ್ಟ ಸೀಸೆಗಳನ್ನು ತರಿಸಿದೆ. ಒಳಗೆ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನೋ ಬ್ಯಾಕ್ಟೀರಿಯಾದ ಸ್ಪೋರ್‌ಗಳು (ಗಟ್ಟಿ ಕವಚದೊಳಗೆ ನಿದ್ದೆ ಹೋದ ರೂಪ), ಜೊತೆಗೆ ನೇರಳೆ ಬಣ್ಣದ ದ್ರವ. ಬಿಸಿಗೆ ಸುಲಭಕ್ಕೆ ಸಾಯದ ಜಾತಿ ಅದು. ಅದೇ ಸತ್ತರೆ ನಮ್ಮ ಇ. ಕೊಲೈ ಉಳಿಯೋ ಮಾತೇ ಇಲ್ಲ.

ಒಂದು ಸೀಸೆಯನ್ನು ಚೀಲದ ನಟ್ಟನಡುವೆ ತಟ್ಟೆಗಳ ಮಧ್ಯೆ ಹುದುಗಿಸಿದೆ. ಇನ್ನೊಂದನ್ನು ಹೋಲಿಕೆಗೆ ಅಂತ ಆಟೋಕ್ಲೇವ್ ಮಾಡದೆ ಹಾಗೇ ಇಟ್ಟೆ. ಆಮೇಲೆ ಎರಡನ್ನೂ ಬೆಚ್ಚಗೆ 55 ಡಿಗ್ರಿಗಿಂತ ಮೇಲಿಟ್ಟು ಕಾದೆ. ಮರುದಿನ ಬೆಳಿಗ್ಗೆ ನೋಡಿದರೆ ಎರಡೂ ಹಳದಿ. ಹಳದಿ ಅಂದರೆ ಒಳಗಿನದ್ದು ಬದುಕಿದೆ, ಬೆಳೆದಿದೆ. ಟೇಪಿನ ಮೇಲಿನ ಗೆರೆಗಳು ಮಾತ್ರ ಅಚ್ಚುಕಟ್ಟಾಗಿ ಕಪ್ಪಗಿದ್ದವು. ಕೈಕಾಲು ತಣ್ಣಗಾಯಿತು. ಅಷ್ಟು ತಿಂಗಳಿಂದ ಎಷ್ಟು ಚೀಲ ಕಳಿಸಿದ್ದೆನೋ!

ಯಂತ್ರ ಕೆಟ್ಟಿರಲಿಲ್ಲ. ತಪ್ಪು ನನ್ನ ಗಂಟಿನಲ್ಲಿತ್ತು. ಬಾಯಿ ಬಿಗಿದ ಚೀಲದೊಳಗೆ ಗಾಳಿ ಸಿಕ್ಕಿಕೊಳ್ಳುತ್ತೆ, ಉಗಿ ಒಳಗೆ ಹೋಗಲ್ಲ. ಕೊಲ್ಲೋದು ಉಗಿ, ಒಣ ಬಿಸಿಗಾಳಿ ಅದೇ ಹೊತ್ತಿನಲ್ಲಿ ಅಷ್ಟು ಕೆಲಸ ಮಾಡಲ್ಲ. ಯಂತ್ರ ತೋರಿಸೋ 121 ಚೀಲದ ಹೊರಗಿನ ಬಿಸಿ, ನಡುವಿನದಲ್ಲ. ಟೇಪ್ ಇದ್ದದ್ದೂ ಹೊರಗೇ ಅಲ್ವಾ?

ಅವತ್ತೇ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಬರೆದು ತಿಳಿಸಿದೆ. ಬೈಗುಳ ಬರುತ್ತೆ ಅಂದುಕೊಂಡಿದ್ದೆ, ಬಂದದ್ದು ಪ್ರಶ್ನೆಗಳು. ಆಮೇಲೆ ಚೀಲವನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬೋದನ್ನು ಬಿಟ್ಟೆವು. ಬಾಯಿ ಸಡಿಲ ಬಿಟ್ಟು, ಒಳಗೆ ಒಂದಿಷ್ಟು ನೀರು ಹಾಕಿ, ಸ್ಟೀಲ್ ತಟ್ಟೆಯಲ್ಲಿಟ್ಟು, ಸಮಯವನ್ನು 60 ನಿಮಿಷಕ್ಕೆ ಏರಿಸಿದೆವು. ಮತ್ತೆ ಮೂರು ಸಲ ಸೀಸೆ ಹುದುಗಿಸಿದೆ. ಮೂರು ಸಲವೂ ನೇರಳೆ.

ದ್ರವ ಕಲ್ಚರ್‌ಗೆ ಬ್ಲೀಚ್ ಸಾಕು: ಹತ್ತರಲ್ಲಿ ಒಂದು ಪಾಲು, ಅರ್ಧ ಗಂಟೆ. ಬೆರೆಸಿಟ್ಟ ಬ್ಲೀಚ್ ಬೇಗ ಸತ್ವ ಕಳಕೊಳ್ಳುತ್ತೆ, ಅವತ್ತಿನದ್ದು ಅವತ್ತೇ ಬೆರೆಸಬೇಕು. ಬ್ಲೀಚ್ ಹಾಕಿದ್ದನ್ನು ಆಟೋಕ್ಲೇವ್‌ಗೆ ಇಡಲೇಬಾರದು, ವಿಷಗಾಳಿ ಬರುತ್ತೆ.

ಮುಂದೆ ಒಬ್ಬ ಗೆಳೆಯ, ಜೀವಕೋಶದೊಳಗೆ ಜೀನ್ ಸೇರಿಸಲು ಮಾರ್ಪಡಿಸಿದ ಲೆಂಟಿವೈರಸ್ ಅನ್ನೋ ವೈರಸ್ ಬಳಸಲು ಹೊರಟಾಗ ಕೆಲಸ ಅಪಾಯದ ಮುಂದಿನ ಹಂತ ಬಿಎಸ್‌ಎಲ್-2ಕ್ಕೆ ಏರಿತು. ತಾನಾಗಿ ಹೆಚ್ಚಿಕೊಳ್ಳಲಾಗದ ವೈರಸ್ ಅದು, ನಿಜ. ಆದರೆ ಅದು ಹೊತ್ತೊಯ್ಯೋದು ಹಸಿರು ಹೊಳೆಯುವ ಪ್ರೋಟೀನಿನ ಜೀನೋ, ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಜೀನೋ ಅನ್ನೋದರ ಮೇಲೆ ಅಪಾಯ ಬದಲಾಗುತ್ತೆ. ಸೂಜಿ ಚುಚ್ಚಿಕೊಂಡರೆ ಅದು ನೇರ ನಮ್ಮ ಜೀವಕೋಶಕ್ಕೇ ಸೇರಬಹುದು. ಅರ್ಜಿಯಲ್ಲಿ ಜೀನಿನ ಹೆಸರು ಬರೆಯುವ ಜಾಗ ಖಾಲಿ ಇತ್ತು. ಅದನ್ನು ತುಂಬಿಸಿಕೊಂಡೇ ಸಹಿ ಹಾಕಿದೆ.

ಕೊನೆಗೆ ಉಳಿದದ್ದು ಮೈನಸ್ 80ರ ಫ್ರೀಜರ್. ಹಳಬರು ಬಿಟ್ಟುಹೋದ ಟ್ಯೂಬುಗಳು, ಮುಚ್ಚಳದ ಮೇಲೆ ಬರೀ ಒಂದು ಅಂಕಿ. ಒಳಗೇನಿದೆ, ಯಾವ ಜೀನ್, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅಪಾಯ ಇಲ್ಲ ಅಂತ ಬರೆಯೋದು ಹೇಗೆ? ಒಂದು ವಾರ ಕೂತು ಹಳೇ ನೋಟ್‌ಬುಕ್ಕುಗಳ ಜೊತೆ ತಾಳೆ ನೋಡಿದೆ. ಗುರುತು ಸಿಕ್ಕಿದ್ದಕ್ಕೆ ಹೊಸ ಚೀಟಿ ಹಚ್ಚಿದೆ. ಸಿಗದೇ ಇದ್ದದ್ದೆಲ್ಲ ಬಾಯಿ ಸಡಿಲ ಬಿಟ್ಟ ಚೀಲಕ್ಕೆ ಹೋಯಿತು, ನಡುವೆ ಒಂದು ಸೀಸೆ. ಎರಡು ದಿನ ಬಿಟ್ಟು ನೋಡಿದೆ. ನೇರಳೆಯಾಗೇ ಇತ್ತು.