ಗುಡ್ಡದ ನೆಟ್‌ವರ್ಕಲ್ಲಿ ಇಂಜಿನಿಯರಿಂಗ್ ಓದೋದು ಹೇಗೆ, ಕೆಲಸಕ್ಕೆ ತಯಾರಾಗೋದು ಹೇಗೆ

2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ನಾನು ಶಿವಮೊಗ್ಗದಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಇಂಜಿನಿಯರಿಂಗ್ ನಾಲ್ಕನೇ ಸೆಮ್. ಹಾಸ್ಟೆಲ್ ಖಾಲಿ ಮಾಡಿ ನಗರ ಹೋಬಳಿಯ ನಮ್ಮೂರಿಗೆ ಬಂದ್ರೆ ಮನೇಲಿ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ, ಹಿಂದಿನ ಗುಡ್ಡ ಹತ್ತಿ ಗೇರು ಮರದ ಬುಡದಲ್ಲಿ ಕೂತ್ರೆ ಎರಡು ಕಡ್ಡಿ. ಜೂನ್ ಮೇಲೆ ಒಂದು ಕೈಲಿ ಕೊಡೆ, ಮೊಬೈಲಿಗೆ ಪ್ಲಾಸ್ಟಿಕ್ ಕವರ್, ಕಾಲಿಗೆ ಉಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ, ಹೀಗೇ ಎರಡು ಸೆಮ್ ಕಳೀತು. ಈಗ ನೆಟ್‌ವರ್ಕ್ ಎಷ್ಟೋ ವಾಸಿ, ಆದ್ರೂ ಊರಿನ ಹುಡುಗ್ರು ಹುಡುಗೀರು ಅದೇ ಪ್ರಶ್ನೆ ಕೇಳ್ತಾರೆ, ಮನೇಲೇ ಕೂತು ಆನ್‌ಲೈನಲ್ಲಿ ಓದಿದ್ರೆ ಕೆಲಸ ಸಿಗತ್ತಾ ಅಂತ. ನಂಗೆ ಗೊತ್ತಿರೋದನ್ನ ಹೇಳ್ತೀನಿ.

ಮೊದಲು ಒಂದು ವಿಷಯ ಗಟ್ಟಿಯಾಗಿ ತಿಳ್ಕೊಳ್ಳಿ, ಪೂರ್ತಿ ಆನ್‌ಲೈನ್ ಬಿಇ ಅಥವಾ ಬಿಟೆಕ್ ಅಂತ ಯಾರಾದ್ರೂ ಫೋನ್ ಮಾಡಿದ್ರೆ ದುಡ್ಡು ಕಟ್ಟಬೇಡಿ. ನಮ್ಮ ದೇಶದಲ್ಲಿ ಇಂಜಿನಿಯರಿಂಗ್ ಡಿಗ್ರೀನ ದೂರಶಿಕ್ಷಣದಲ್ಲಾಗಲಿ ಆನ್‌ಲೈನಲ್ಲಾಗಲಿ ಕೊಡೋಕೆ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ ನಿಯಮದಲ್ಲಿ ಅವಕಾಶ ಇಲ್ಲ, 2017ರ ನವೆಂಬರಲ್ಲಿ ಸುಪ್ರೀಂ ಕೋರ್ಟೂ ದೂರಶಿಕ್ಷಣದ ಇಂಜಿನಿಯರಿಂಗ್ ಡಿಗ್ರಿ ವಿಷಯದಲ್ಲಿ ಕಡ್ಡಿ ಮುರಿದಂಗೆ ತೀರ್ಪು ಕೊಟ್ಟಿದೆ. ಅಪ್ಪ ಅಮ್ಮ ಅಡಿಕೆ ಮಾರಿದ ದುಡ್ಡು ಅದು, ದಯವಿಟ್ಟು ವಿಚಾರಿಸಿ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಬಿಎಸ್ ಡಿಗ್ರಿ ಬೇರೆ ವಿಷಯ. ಪಾಠ ಆನ್‌ಲೈನ್, ಪರೀಕ್ಷೆ ಮಾತ್ರ ಸೆಂಟರಿಗೆ ಹೋಗಿ ಬರೀಬೇಕು, ಜೆಇಇ ಪ್ರವೇಶ ಪರೀಕ್ಷೆ ಇಲ್ದೆ ಅವರದೇ ಕ್ವಾಲಿಫೈಯರ್ ಪರೀಕ್ಷೆ ಪಾಸಾಗಿ ಸೇರಬಹುದು, ಆದ್ರೆ ಅದು ಬಿಟೆಕ್ ಅಲ್ಲ ಅನ್ನೋದು ನೆನಪಿರಲಿ.

ಹಾಗಾಗಿ ಡಿಗ್ರಿಗೆ ಕಾಲೇಜು, ವಿದ್ಯೆಗೆ ಕಾಲೇಜು ಆನ್‌ಲೈನ್ ಎರಡೂ. ಆನ್‌ಲೈನಲ್ಲಿ ನಾನು ಕಣ್ಮುಚ್ಚಿ ಹೇಳೋದು ಎನ್‌ಪಿಟೆಲ್, ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸೋದು, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲಲ್ಲಿ ಸಿಗತ್ತೆ. 4, 8, 12 ವಾರದ ಕೋರ್ಸುಗಳು, ಕಲಿಯೋದು ಫ್ರೀ, ಸರ್ಟಿಫಿಕೇಟ್ ಬೇಕಂದ್ರೆ ಪರೀಕ್ಷೆಗೆ ಫೀಸು, ನಾನು ಬರೆದಾಗ 1000 ರೂಪಾಯಿ ಇತ್ತು. ಕೋರ್ಸಿಗೆ ಸೇರೋದೇ ಬೇರೆ, ಪರೀಕ್ಷೆಗೆ ರಿಜಿಸ್ಟರ್ ಮಾಡೋದೇ ಬೇರೆ, ಇದು ಗೊತ್ತಿಲ್ದೆ ನನ್ನ ರೂಮ್‌ಮೇಟ್ ಹನ್ನೆರಡು ವಾರ ಅಸೈನ್‌ಮೆಂಟ್ ಮಾಡಿ ಕೊನೆಗೆ ಪರೀಕ್ಷೇನೇ ಬರೆಯೋಕಾಗಲಿಲ್ಲ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಮಾರ್ಕ್ಸು, 12 ವಾರದ್ದರಲ್ಲಿ ಚೆನ್ನಾಗಿರೋ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ತಗೋತಾರೆ. ಅಂದ್ರೆ ಮಳೆಗೆ ಕಂಬ ಬಿದ್ದು ಒಂದೆರಡು ವಾರ ಹೋದ್ರೂ ಕೈ ಚೆಲ್ಲಬೇಡಿ, ಮುಂದುವರೆಸಿ. ಕಾಲೇಜು ಒಪ್ಪಿದ್ರೆ ಈ ಕ್ರೆಡಿಟ್ ಡಿಗ್ರಿಗೂ ಸೇರತ್ತೆ, ಮೊದಲೇ ನಿಮ್ಮ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹತ್ರ ಕೇಳಿ.

ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕ ಇದೆ. ವರ್ಷಕ್ಕೆ ಎರಡು ಬ್ಯಾಚ್, ಜನವರಿದು ಒಂದು, ಜುಲೈದು ಒಂದು. ಜುಲೈ ಬ್ಯಾಚ್ ಅಂದ್ರೆ ಸರಿಯಾಗಿ ಪುನರ್ವಸು ಪುಷ್ಯ ಆಶ್ಲೇಷ ಮಳೆ, ಕರೆಂಟ್ ಹೋದ್ರೆ ಮೂರು ದಿನ ಬರಲ್ಲ. ಕಷ್ಟದ ಸಬ್ಜೆಕ್ಟ್ ಜನವರಿಗೆ ಇಟ್ಕೊಳ್ಳಿ, ಜುಲೈಗೆ ಚಿಕ್ಕ ಕೋರ್ಸ್ ಸಾಕು. ವಿಡಿಯೊಗಳನ್ನ ಪೇಟೆಗೆ ಹೋದಾಗ ಇಲ್ಲಾ ರಾತ್ರಿ ಹನ್ನೊಂದರ ಮೇಲೆ ಡೌನ್‌ಲೋಡ್ ಮಾಡಿಟ್ಕೊಂಡು ನಿಧಾನಕ್ಕೆ ನೋಡಿ, ಪಿಡಿಎಫ್ ಮೊದಲು ಇಳಿಸ್ಕೊಳ್ಳಿ.

ಇಷ್ಟೆಲ್ಲ ಮಾಡಿದ್ರೂ ಒಂದು ಕೊರತೆ ಉಳಿಯತ್ತೆ, ಅದು ಕೈಕೆಲಸ. ಲಾಕ್‌ಡೌನಲ್ಲಿ ನಮಗೆ ಲ್ಯಾಬ್ ಅಂದ್ರೆ ಸ್ಕ್ರೀನ್ ಮೇಲೆ ಮೇಷ್ಟ್ರು ತೋರಿಸಿದ ಗ್ರಾಫು. ಮನೇಲಿ ಮಾಡೋಕೆ ಫ್ರೀ ಸಾಫ್ಟ್‌ವೇರ್ ಬೇಕಾದಷ್ಟಿದೆ, ಸರ್ಕ್ಯೂಟಿಗೆ ಎಲ್‌ಟಿಸ್ಪೈಸ್, ಸರ್ಕ್ಯೂಟ್ ಬೋರ್ಡ್ (ಪಿಸಿಬಿ) ಡಿಸೈನಿಗೆ ಕೀಕ್ಯಾಡ್, ಲೆಕ್ಕಕ್ಕೆ ದುಡ್ಡು ಕೊಟ್ಟು ತಗೊಳ್ಳೋ ಮ್ಯಾಟ್‌ಲ್ಯಾಬ್ ಬದಲು ಆಕ್ಟೇವ್. ಆದ್ರೆ ಸಿಮ್ಯುಲೇಷನಲ್ಲಿ ವೈರ್ ಸಡಿಲ ಆಗಲ್ಲ, ತುಕ್ಕೂ ಹಿಡಿಯಲ್ಲ. ಅದಕ್ಕೇ ಒಂದು ಮಲ್ಟಿಮೀಟರು, ಸೋಲ್ಡರಿಂಗ್ ಐರನ್, ಕೋಡ್ ಹಾಕಿ ನಡೆಸೋ ಪುಟ್ಟ ಆರ್ಡುಯಿನೊ ಬೋರ್ಡು ಒಂದು ತಗೊಂಡು ಮನೆಗೆ ಬೇಕಾಗಿರೋ ಏನಾದ್ರೂ ಒಂದನ್ನ ಪೂರ್ತಿ ಮಾಡಿ ಮುಗಿಸಿ.

ನಾನು ಮಾಡಿದ್ದು ಅಡಿಕೆ ಅಂಗಳಕ್ಕೆ ಮಳೆ ಅಲಾರಂ. ಬೇಯಿಸಿದ ಅಡಿಕೆಯನ್ನ ಅಂಗಳದಲ್ಲಿ ಕಟ್ಟಿದ ತೆರೆದ ಅಟ್ಟದ ಮೇಲೆ ಒಣಗೋಕೆ ಹರವಿರ್ತಾರೆ, ಎಲ್ಲರೂ ತೋಟದಲ್ಲಿದ್ದಾಗ ಡಿಸೆಂಬರಲ್ಲಿ ಅಕಾಲ ಮಳೆ ಬಂದ್ರೆ ಟಾರ್ಪಾಲ್ ಹೊದಿಸೋಕೆ ಓಡಬೇಕು. ಒಂದು ಮಳೆ ಸೆನ್ಸರ್ ಪ್ಲೇಟ್, ಒಂದು ಬಜರ್, ಆಯ್ತು ಅಂದ್ಕೊಂಡೆ. ಮಾರನೇ ದಿನ ಬೆಳಗಿನ ಜಾವ ಐದಕ್ಕೇ ಕಿರುಚೋಕೆ ಶುರು ಮಾಡ್ತು, ಹೊರಗೆ ಬಂದು ನೋಡಿದ್ರೆ ಮಳೆ ಇಲ್ಲ ಏನಿಲ್ಲ, ಪ್ಲೇಟ್ ಮೇಲೆ ಇಬ್ಬನಿ. ಪ್ಲೇಟನ್ನ ಓರೆ ಮಾಡಿ ನೋಡ್ದೆ, ಎಷ್ಟು ನೀರಿಗೆ ಕೂಗಬೇಕು ಅನ್ನೋ ಲಿಮಿಟ್ ಬದಲಿಸಿ ನೋಡ್ದೆ, ಆಗ್ಲಿಲ್ಲ. ಅಪ್ಪಯ್ಯ ನೋಡಿ ಹೇಳಿದ್ರು, 'ಬಿಸಿಲು ಏರೋವರೆಗೂ ಟಾರ್ಪಾಲ್ ತೆಗೆಯಲ್ವಲ್ಲೋ, ಅಲ್ಲೀವರೆಗೆ ಅದು ಕೂಗಿ ಏನಾಗಬೇಕು' ಅಂತ. ಒಂದು ಗಡಿಯಾರದ ಮಾಡ್ಯೂಲ್ ಸೇರಿಸಿ ಎಂಟು ಗಂಟೆ ಮೇಲೆ ಮಾತ್ರ ಕೆಲಸ ಮಾಡೋ ಹಾಗೆ ಮಾಡ್ದೆ. ಆಮೇಲೆ ಕೆಲವೇ ವಾರಕ್ಕೆ ಪ್ಲೇಟಿನ ತಾಮ್ರದ ಗೆರೆ ಹಸಿರು ಹಿಡಿದು ತಿಂದುಹೋಯ್ತು, ಯಾವಾಗ್ಲೂ ಕರೆಂಟ್ ಹರೀತಿದ್ರೆ ನೀರು ಬಿದ್ದಲ್ಲಿ ಎಲೆಕ್ಟ್ರಾಲಿಸಿಸ್ ಆಗತ್ತೆ, ಹಾಗಾಗಿ ಓದೋ ಒಂದು ಕ್ಷಣ ಮಾತ್ರ ಪವರ್ ಕೊಡೋ ಹಾಗೆ ಕೋಡ್ ತಿದ್ದಿದೆ. ಎಲ್ಲಾನೂ ಫೋಟೊ ತಾರೀಕು ಸಮೇತ ಗಿಟ್‌ಹಬ್ಬಲ್ಲಿ (ಕೋಡ್ ಹಂಚ್ಕೊಳ್ಳೋ ವೆಬ್‌ಸೈಟು) ಹಾಕಿದ್ದೆ.

ಇನ್ನು ಕೆಲಸದ ವಿಷಯ. ಕೊರೊನಾ ನಂತರ 2021-22ರಲ್ಲಿ ಐಟಿ ಕಂಪನಿಗಳು ಎಗ್ಗಿಲ್ದೆ ತಗೊಂಡ್ವು, 2023ರಲ್ಲಿ ಬಿಗಿ ಮಾಡಿದ್ವು, ಊರಲ್ಲೇ ಕೂತು ಕೆಲಸ ಮಾಡ್ತಿದ್ದ ಎಷ್ಟೋ ಜನರನ್ನ ಆಫೀಸಿಗೆ ವಾಪಸ್ ಕರೆದ್ರು. ಅದಕ್ಕೆ ವರ್ಕ್ ಫ್ರಮ್ ಹೋಮ್ ಸಿಗತ್ತೆ ಅಂತಲೇ ಬ್ರಾಂಚ್ ಆರಿಸ್ಕೋಬೇಡಿ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಸೈಟು, ಫ್ಯಾಕ್ಟರಿಯ ಶಾಪ್‌ಫ್ಲೋರ್ ತಪ್ಪಲ್ಲ, ಎಲೆಕ್ಟ್ರಿಕಲ್‌ನವರು ರಾಜ್ಯದ ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ಪರೀಕ್ಷೆ ಮೇಲೆ ಕಣ್ಣಿಡಿ. ಎಂಟೆಕ್ ಸೇರೋಕೆ ಬೇಕಾದ ಗೇಟ್ ಪರೀಕ್ಷೆ ಬರೆಯೋ ಯೋಚನೆ ಇದ್ರೆ ಎನ್‌ಪಿಟೆಲ್ ಪಾಠ ಕಾಲೇಜಿಗೂ ಗೇಟಿಗೂ ಬರತ್ತೆ, ಗೇಟ್ ಸ್ಕೋರು 3 ವರ್ಷ ನಡೆಯತ್ತೆ.

ನನ್ನ ಇಂಟರ್ವ್ಯೂ 2022ರಲ್ಲಿ ಆನ್‌ಲೈನಲ್ಲೇ ಆಯ್ತು, ಅದಕ್ಕೆ ಅಂತಲೇ ಹಿಂದಿನ ದಿನ ಶಿವಮೊಗ್ಗಕ್ಕೆ ಬಂದು ದೊಡ್ಡಮ್ಮನ ಮನೇಲಿ ಉಳ್ಕೊಂಡೆ, ನೀವೂ ಹಾಗೇ ಮಾಡಿ, ಆ ದಿನ ಗುಡ್ಡನ ನಂಬಬೇಡಿ. ನನ್ನ ಸರ್ಟಿಫಿಕೇಟ್ ಮೂರಿದ್ವು, ಅದರ ಬಗ್ಗೆ ಒಂದೇ ಪ್ರಶ್ನೆ. ಉಳಿದ ಅರ್ಧ ಗಂಟೆ ಪೂರ್ತಿ ಕೇಳಿದ್ದು, ಪ್ಲೇಟ್ ಯಾಕೆ ಹಸಿರಾಯ್ತು, ಇಬ್ಬನಿಗೂ ಮಳೆಗೂ ವ್ಯತ್ಯಾಸ ಹೇಗೆ ಹಿಡಿದೆ ಅಂತ. ಅಪ್ಪಯ್ಯ ಹೇಳಿದ್ದನ್ನ ಹಾಗೇ ಹೇಳ್ದೆ.